ಡೊಂಬಿವಲಿಯಲ್ಲಿ ರೇಡಿಯೋ ಮೌನ

ಸಮುದ್ರದ ನಡುವಿನ ಎಣ್ಣೆಬಾವಿಯ ರಿಗ್ಗಿನಿಂದ ಹರಿಶ್ಚಂದ್ರ ಮನೆಗೆ ಫೋನು ಮಾಡಿದಾಗಲೆಲ್ಲ ಜಯಲತಾ ಕ್ಷೇಮಸಮಾಚಾರಕ್ಕಿಂತ ಮೊದಲು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: "ಇವತ್ತು ಕಟ್ಟಲಿಕ್ಕುಂಟಾ?"

ಕಟ್ಟುವುದೆಂದರೆ ಸಿಡಿಮದ್ದು ತುಂಬಿದ ಉಕ್ಕಿನ ಕೊಳವೆಗೆ ಡಿಟೋನೇಟರ್ ಕಟ್ಟುವುದು. ಉಂಟು ಎಂದು ಗಂಡ ಹೇಳಿದರೆ, "ಹಾಗಾದರೆ ನಾನು ಫೋನು ಮಲಗಿಸ್ತೇನೆ. ನೀವು ಜಾಗ್ರತೆ" ಎಂದವಳೇ ಮರುಮಾತಿಗೆ ಕಾಯದೆ ಇಟ್ಟುಬಿಡುವಳು.

ಆಮೇಲೆ ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ಆ ಪುಟ್ಟ ಮನೆಯಲ್ಲಿ ನಡೆಯುತ್ತಿದ್ದುದಕ್ಕೆ ವ್ರತದ ಕಟ್ಟುನಿಟ್ಟು ಇತ್ತು. ಜಯಲತಾ ತನ್ನ ಮೊಬೈಲನ್ನು ಬಂದ್ ಮಾಡಿ ದೇವರ ಗೂಡಿನ ಪಕ್ಕದಲ್ಲಿ ಇಡುವಳು. ಲ್ಯಾಂಡ್‌ಲೈನಿನ ರಿಸೀವರನ್ನು ಕೆಳಗಿಳಿಸಿ, ಅದರ ಕುಂಯ್‌ಗುಡುವಿಕೆ ಕೇಳಿಸದಂತೆ ಮೇಲೊಂದು ಮೈಯೊರೆಸುವ ಬೈರಾಸು ಹೊದೆಸುವಳು. ಟೀವಿ ಇಲ್ಲ, ಮಿಕ್ಸಿಯೂ ಇಲ್ಲ. ಅತ್ತ ಕೆಲಸ ಮುಗಿದ ಮೇಲೆ ಹರಿಶ್ಚಂದ್ರ ಎದುರು ಮನೆಯ ರತ್ನಾವತಿಗೆ ಫೋನು ಮಾಡಿ, "ಮುಗಿಯಿತು ಅಂತ ಹೇಳಿ ಅಕ್ಕ" ಎನ್ನುವನು. ರತ್ನಾವತಿ ಬಂದು ಬಾಗಿಲು ಬಡಿದು, "ಜಯಾ, ನಿನ್ನ ಗಂಡ ಗಟ್ಟಿಮುಟ್ಟಾಗಿ ಇದ್ದಾನೆ ಮಾರಾಯ್ತಿ. ಇನ್ನು ಚಟ್ನಿ ಅರೆ" ಎಂದು ನಗುವಳು. ಮನೆಗೆ ಮತ್ತೆ ಸದ್ದು ಬರುವುದು.

ಈ ಪದ್ಧತಿ ಹುಟ್ಟಿದ್ದು ಮಕ್ಕಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಒಂದು ಭಾನುವಾರದ ಊಟದ ಹೊತ್ತಿನಲ್ಲಿ. ಅಪ್ಪನ ಕೆಲಸವೇನೆಂದು ಮಗ ಸುಜನ್ ಕೇಳಿದ್ದ. ಹರಿಶ್ಚಂದ್ರ ಬಟ್ಟಲನ್ನು ಬದಿಗೆ ಸರಿಸಿ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುತ್ತ ವಿವರಿಸಿದ್ದ. ಕಡಲ ತಳದಲ್ಲಿ ಎಣ್ಣೆಯ ಬಾವಿ ಕೊರೆದ ಮೇಲೆ ಅದು ಕುಸಿಯದಂತೆ ಒಳಗೆ ಉಕ್ಕಿನ ಕೊಳವೆ ಇಳಿಸಿ, ಸುತ್ತಲೂ ಸಿಮೆಂಟು ತುಂಬುತ್ತಾರೆ. ಹಾಗೆ ಮುಚ್ಚಿದ ಬಾವಿಗೆ ಎಣ್ಣೆ ಇಳಿದು ಬರಬೇಕಾದರೆ, ಎಣ್ಣೆಯಿರುವ ಆಳದಲ್ಲಿಯೇ ಉಕ್ಕನ್ನೂ ಸಿಮೆಂಟನ್ನೂ ತೂತು ಮಾಡಬೇಕು. ಅದಕ್ಕಾಗಿ ಸಿಡಿಮದ್ದಿನ ಸಣ್ಣ ಸಣ್ಣ ಬಟ್ಟಲುಗಳನ್ನು ಸಾಲಾಗಿ ತುಂಬಿದ ಉದ್ದನೆಯ ಕೊಳವೆಯೊಂದನ್ನು ತಂತಿಯ ತುದಿಗೆ ಕಟ್ಟಿ ಇಳಿಸುತ್ತಾರೆ. ಕೆಲಸದವರ ಬಾಯಲ್ಲಿ ಅದು ಗನ್ನು. ಬಟ್ಟಲುಗಳು ತಾವಾಗಿ ಸುಲಭಕ್ಕೆ ಸಿಡಿಯುವಂಥವಲ್ಲ. ಭಯವೆಲ್ಲ ಅವುಗಳಿಗೆ ಕಿಡಿ ಹತ್ತಿಸುವ ಬೆರಳುದ್ದದ ಡಿಟೋನೇಟರಿನದು. ಅದನ್ನು ಎಲ್ಲಕ್ಕಿಂತ ಕೊನೆಗೆ ಕಟ್ಟಬೇಕು, ಎಲ್ಲಕ್ಕಿಂತ ಮೊದಲು ಬಿಚ್ಚಬೇಕು. ಸಿಡಿಸುವ ಪ್ಯಾನೆಲ್ಲಿನ ಕೀಲಿ ಕಟ್ಟುವವನ ಜೇಬಿನಲ್ಲೇ ಇರಬೇಕು. ಆ ಹೊತ್ತಿಗೆ ರಿಗ್ಗಿನಲ್ಲಿ ವೆಲ್ಡಿಂಗ್ ನಿಲ್ಲುತ್ತದೆ. ವಾಕಿಟಾಕಿ, ಮೊಬೈಲು, ರೇಡಿಯೋ ರೂಮಿನ ಯಂತ್ರಗಳು ಎಲ್ಲವೂ ಬಾಯಿ ಮುಚ್ಚುತ್ತವೆ. ಗಾಳಿಯಲ್ಲಿ ಹಾಯುವ ಅಲೆಯೊಂದು ಡಿಟೋನೇಟರಿನ ತಂತಿಯೊಳಗೆ ಹೊಕ್ಕು ವಿದ್ಯುತ್ತಾಗಿಬಿಟ್ಟರೆ ಕಟ್ಟುವವನ ಕತೆ ಮುಗಿಯಿತು.

"ದೆಹಲಿಯಿಂದ ಮಂತ್ರಿ ಕರೆದರೂ ಆಗ ನಮ್ಮ ರೇಡಿಯೋ ರೂಮಿನವರು ಎತ್ತುವುದಿಲ್ಲ" ಎಂದು ಹರಿಶ್ಚಂದ್ರ ಹೆಮ್ಮೆಯಿಂದ ಹೇಳಿದ್ದ. "ನಾನು ಬಿಟ್ಟರಲ್ಲವಾ ಎತ್ತುವುದು!"

ಸಾರು ಬಡಿಸುತ್ತಿದ್ದ ಜಯಲತಾ ಸೌಟು ಹಿಡಿದಂತೆಯೇ ನಿಂತು, "ನಮ್ಮ ಫೋನೂ ಬಂದ್ ಇಡಬೇಕಾ?" ಎಂದು ಕೇಳಿದ್ದಳು.

ಅವನು ನಕ್ಕು, "ಇಟ್ಟರೆ ಒಳ್ಳೆಯದೇ" ಎಂದಿದ್ದ.

ಗನ್ನಿನ ಹತ್ತಿರ ತಮಾಷೆಯ ಮಾತಾಡಿದ ಹುಡುಗರನ್ನು ರಿಗ್ಗಿನಿಂದ ಹಿಂದಕ್ಕೆ ಕಳುಹಿಸಿದವನು ಹರಿಶ್ಚಂದ್ರ. ಊಟದ ಮೇಜಿನ ಮೇಲೆ ಆಡಿದ ಆ ತಮಾಷೆಯನ್ನು ಮಾತ್ರ ಅವನು ಹಿಂದಕ್ಕೆ ಕರೆಯಲಿಲ್ಲ. ಮೊದಮೊದಲು ಮರೆತ. ಆಮೇಲೆ, ರಿಗ್ಗಿನ ಕಬ್ಬಿಣದ ನೆಲದ ಮೇಲೆ ಮಂಡಿಯೂರಿ ಡಿಟೋನೇಟರನ್ನು ಕೈಗೆತ್ತಿಕೊಳ್ಳುವಾಗ, ನೂರು ಮೈಲು ದೂರದ ಡೊಂಬಿವಲಿಯಲ್ಲಿ ಒಬ್ಬಳು ತನಗಾಗಿ ಮನೆಯ ಸದ್ದನ್ನೆಲ್ಲ ಅಡಗಿಸಿ ಕುಳಿತಿದ್ದಾಳೆ ಎಂಬುದು ಅವನಿಗೆ ಹಿತವೆನಿಸತೊಡಗಿತು. ಹರಿಯ ಮನೆಯಲ್ಲೂ ರೇಡಿಯೋ ಮೌನವೆಂದು ಜೊತೆಯವರು ಚುಡಾಯಿಸುತ್ತಿದ್ದರು: "ಹರಿ ಭಾಯ್ ಕೆ ಘರ್ ಮೇ ಭೀ ರೇಡಿಯೋ ಸೈಲೆನ್ಸ್!" ಅವನು ಮೀಸೆಯಡಿಯಲ್ಲಿ ನಗುತ್ತಿದ್ದ.

ಮನೆಯಲ್ಲಿ ಇದನ್ನು ಗೇಲಿ ಮಾಡುತ್ತಿದ್ದವಳು ಮಗಳು ಅಶ್ಮಿತಾ. ಐರೋಲಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಅವಳಿಗೆ ಕನ್ನಡ ತುಳು ಎರಡೂ ಅರ್ಥವಾಗುತ್ತಿದ್ದವು, ನಾಲಗೆಗೆ ಬರುತ್ತಿದ್ದುದು ಹಿಂದಿ. ಎದುರು ಮನೆಯ ಫೋನು ಚಾಲೂ ಇದ್ದರೆ ಏನೂ ಆಗುವುದಿಲ್ಲವೇ ಎಂದು ತಾಯಿಯನ್ನು ಕೆಣಕುವಳು: "ರತ್ನಾ ಆಂಟಿ ಕಾ ಫೋನ್ ತೋ ಚಾಲೂ ಹೈ ನಾ, ಮಮ್ಮಿ? ಉಸ್ ಸೆ ಕುಛ್ ನಹೀಂ ಹೋತಾ?"

"ಅವರ ಗಂಡ ಇರುವುದು ಬ್ಯಾಂಕಿನಲ್ಲಿ" ಎನ್ನುತ್ತಿದ್ದಳು ಜಯಲತಾ. "ಅವರ ಫೋನಿಗೆ ನಿನ್ನ ಪಪ್ಪನ ದಾರಿ ಗೊತ್ತಿಲ್ಲ."

"ಬಿಡೇ ಆಶು" ಎಂದು ಸುಜನ್ ತಾಯಿಯ ಪರ ವಹಿಸುವನು. "ಕಂಪೆನಿಯವರಿಗಿಂತ ದೊಡ್ಡ ಸೇಫ್ಟಿ ಆಫೀಸರ್ ನಮ್ಮ ಮನೆಯಲ್ಲಿದ್ದಾಳೆ." ಮನೆಯಲ್ಲಿದ್ದ ದಿನ ಅವನೂ ತನ್ನ ಮೊಬೈಲನ್ನು ಬಂದ್ ಮಾಡಿ ದೇವರ ಗೂಡಿನ ಪಕ್ಕದಲ್ಲಿ ತಾಯಿಯ ಮೊಬೈಲಿಗೆ ಜೋಡಿಸಿ ಇಡುತ್ತಿದ್ದ.

ಎರಡು ಸಾವಿರದ ಏಳರ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಹರಿಶ್ಚಂದ್ರ ಎಂದಿನಂತೆ ಫೋನು ಮಾಡಿದ. ಕಟ್ಟಲಿಕ್ಕುಂಟು ಎಂದ. ಅಷ್ಟು ಹೊತ್ತಿಗೆ ಸುಜನ್ ಘಣಸೋಲಿಯ ತನ್ನ ಆಫೀಸಿಗೆಂದು ಲೋಕಲ್ ರೈಲು ಹಿಡಿಯಲು ಹೊರಟಾಗಿತ್ತು. ಅಶ್ಮಿತಾ ಪರೀಕ್ಷೆಗೆ ಹೋಗಿದ್ದಳು. ಜಯಲತಾ ಫೋನು ಮಲಗಿಸಿದಳು.

ಅತ್ತ ರಿಗ್ಗಿನಲ್ಲಿ ಗನ್ನು ಬಾವಿಗಿಳಿಯಿತು. ಬೇಕಾದ ಆಳಕ್ಕೆ ಮುಟ್ಟಿದ ಮೇಲೆ ಹರಿಶ್ಚಂದ್ರ ಜೇಬಿನಿಂದ ಕೀಲಿ ತೆಗೆದು ಪ್ಯಾನೆಲ್ಲಿಗೆ ಹಾಕಿ ತಿರುಗಿಸಿದ. ತಂತಿ ನಡುಗಲಿಲ್ಲ. ಮೀಟರಿನ ಮುಳ್ಳು ಮಿಸುಕಲಿಲ್ಲ. ಮತ್ತೊಮ್ಮೆ ತಿರುಗಿಸಿದರೂ ಅಷ್ಟೇ.

"ಮಿಸ್‌ಫೈರ್, ಸರ್" ಎಂದ ಮಯೂರ್. ಹರಿಶ್ಚಂದ್ರನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಇಂಜಿನಿಯರ್ ಅವನು.

ಸಿಡಿಯದ ಗನ್ನು ಸಿಡಿದ ಗನ್ನಿಗಿಂತ ಕೆಟ್ಟದ್ದು. ಅದು ಯಾಕೆ ಸುಮ್ಮನಿದೆ ಎಂದು ಮೇಲಿದ್ದವರಿಗೆ ತಿಳಿಯದು, ಎಷ್ಟು ಹೊತ್ತು ಸುಮ್ಮನಿದ್ದೀತೆಂಬುದೂ ತಿಳಿಯದು. ಹರಿಶ್ಚಂದ್ರ ಕೀಲಿಯನ್ನು ತೆಗೆದು ಜೇಬಿಗೆ ಹಾಕಿ ಗುಂಡಿ ಬಿಗಿದುಕೊಂಡ. ಕಾಯಬೇಕಾದಷ್ಟು ಕಾದ. ಆಮೇಲೆ ತಂತಿಯನ್ನು ನಿಧಾನವಾಗಿ, ಬಾವಿಯಿಂದ ತುಂಬಿದ ಕೊಡ ಸೇದುವವನಂತೆ, ಮೇಲಕ್ಕೆ ತರಿಸಿದ. ರಿಗ್ಗಿನ ಮೌನ ಮುಂದುವರಿಯಿತು. ಗನ್ನು ಮೇಲೆ ಬಂದಾಗ ಎಲ್ಲರನ್ನೂ ದೂರ ಸರಿಸಿ ತಾನೊಬ್ಬನೇ ಹತ್ತಿರ ಹೋಗಿ, ಡಿಟೋನೇಟರನ್ನು ಬಟ್ಟಲುಗಳಿಗೆ ಕಿಡಿ ಒಯ್ಯುವ ಮದ್ದಿನ ಬತ್ತಿಯಿಂದ ಕತ್ತರಿಸಿ ಬೇರೆ ಮಾಡಿ, ದಪ್ಪ ಕಬ್ಬಿಣದ ಭದ್ರತೆಯ ಕೊಳವೆಯೊಳಗೆ ಇಳಿಸಿದ. ಬಳಿಕವೇ ತಂತಿಗಳನ್ನು ಕತ್ತರಿಸಿ ಅವುಗಳ ತುದಿಗಳನ್ನು ಒಂದಕ್ಕೊಂದು ಹೊಸೆದದ್ದು. ಗನ್ನಿನ ತಲೆಯೊಳಗೆ ನೀರು ಇಳಿದಿತ್ತು; ಸಿಡಿಯದಿರಲು ಅದೇ ಕಾರಣ.

ಬೆನ್ನಿನ ಬೆವರು ಆರಿಸಿಕೊಂಡು ಅವನು ರೇಡಿಯೋ ರೂಮಿಗೆ ಹೋದ. ರತ್ನಾವತಿಯ ನಂಬರು ಒತ್ತಿದ. ಗೆದ್ದು ಬಂದವನ ಧ್ವನಿಯಲ್ಲಿ, "ಮುಗಿಯಿತು ಅಂತ ಹೇಳಿ ಅಕ್ಕ" ಎಂದ.

"ಅಕ್ಕ? ಕೇಳ್ತದಾ? ಮುಗಿಯಿತು ಅಂತ ಹೇಳಿ."

"ಹರಿಯಣ್ಣ" ಎಂದಳು ರತ್ನಾವತಿ. ಆಮೇಲೆ ಅಳು ತಡೆಯಲಾರದೆ, "ಬೇಗ ಬನ್ನಿ. ಸುಜನ್... ಬೇಗ ಬನ್ನಿ ಅಣ್ಣ" ಎಂದಳು.

ಮರುದಿನದ ಹೆಲಿಕಾಪ್ಟರಿನಲ್ಲಿ ಅವನು ದಡ ಸೇರಿದ. ಕಲ್ಯಾಣದಲ್ಲಿ ಹೋಟೆಲ್ ನಡೆಸುತ್ತಿದ್ದ ಜಯಲತಾಳ ಅಣ್ಣ ಕಿಟ್ಟಣ್ಣ ಕಾರು ತಂದು ಕಾಯುತ್ತಿದ್ದ. ದಾರಿಯಲ್ಲಿ ಅವನು ಹೇಳಿದ ಸಂಗತಿ ಇಷ್ಟು: ಲೋಕಲಿನ ಬಾಗಿಲಲ್ಲಿ ಜೋತು ನಿಂತಿದ್ದ ಸುಜನ್ ದಿವಾ ನಿಲ್ದಾಣದ ಹತ್ತಿರ ಗುಂಪಿನ ಒತ್ತಡಕ್ಕೆ ಕೈಜಾರಿ ಬಿದ್ದ. ಯಾರೋ ಆಸ್ಪತ್ರೆಗೆ ಸೇರಿಸಿದರು. ಕೊರಳಲ್ಲಿದ್ದ ಗುರುತುಪಟ್ಟಿ ನೋಡಿ ಪೊಲೀಸರು ಆಫೀಸಿಗೆ ತಿಳಿಸಿದರು. ಆಫೀಸಿನವರು ಮನೆಗೆ ಫೋನು ಮಾಡಿದರು, ಸಿಗಲಿಲ್ಲ. ಮತ್ತೆ ಮತ್ತೆ ಮಾಡಿ, ಕೊನೆಗೆ ಹೇಗೋ ತನ್ನ ಹೋಟೆಲಿನ ನಂಬರು ಹುಡುಕಿದರು.

"ನಾನು ಡೊಂಬಿವಲಿಗೆ ಬಂದು ನೋಡಿದರೆ ತಂಗಿ ದೇವರ ಮುಂದೆ ಕೂತಿದ್ದಾಳೆ, ಭಾವ. ಫೋನಿನ ಮೇಲೆ ಬೈರಾಸು. 'ಅಣ್ಣ, ಇವರದ್ದು ಇನ್ನೂ ಮುಗಿಯಲಿಲ್ಲ, ಇವತ್ತು ಎಂತದೋ ಆಗಿದೆ' ಅಂತ ನನಗೇ ಹೇಳಿದಳು. ಅವಳಿಗೆ ಹೆದರಿಕೆ ನಿಮ್ಮದು." ಕಿಟ್ಟಣ್ಣ ಕಾರಿನ ಗಾಜಿನಿಂದಾಚೆ ನೋಡುತ್ತ ಹೇಳಿದ. "ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಮುಗಿದಿತ್ತು. ಡಾಕ್ಟರು ಹೇಳಿದರು, ಒಳಗೆ ಪೆಟ್ಟು ದೊಡ್ಡದು, ಯಾರಿದ್ದರೂ ಉಳಿಸಲಿಕ್ಕೆ ಆಗುತ್ತಿರಲಿಲ್ಲ ಅಂತ. ಆದರೆ ಹುಡುಗನಿಗೆ ತುಂಬ ಹೊತ್ತು ಎಚ್ಚರ ಇತ್ತಂತೆ. ತಂಗಿಗೆ ಅದು ಗೊತ್ತಿಲ್ಲ. ಬಿದ್ದ ಕೂಡಲೇ ಹೋದ ಅಂತ ಹೇಳಿದ್ದೇನೆ. ನೀವೂ ಹಾಗೆಯೇ ಹೇಳಿ, ಭಾವ. ನಿಮ್ಮ ಕಾಲು ಹಿಡಿಯುತ್ತೇನೆ."

ಹರಿಶ್ಚಂದ್ರ ಜೇಬು ಮುಟ್ಟಿ ನೋಡಿಕೊಂಡ. ಪ್ಯಾನೆಲ್ಲಿನ ಕೀಲಿ ಇನ್ನೂ ಅಲ್ಲಿಯೇ ಇತ್ತು. ಗಡಿಬಿಡಿಯಲ್ಲಿ ಕೊಟ್ಟು ಬರುವುದನ್ನು ಅವನು ಮರೆತಿದ್ದ. ಇಷ್ಟು ವರ್ಷಗಳಲ್ಲಿ ಹಾಗೆ ಮರೆತದ್ದು ಅದೇ ಮೊದಲು.

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಮಯೂರ್ ಆ ಕೀಲಿಯನ್ನು ತೆಗೆದುಕೊಂಡು ಹೋಗಲು ಬಂದ. ಒಳ್ಳೆಯ ಹುಡುಗ, ಆದರೆ ದುಃಖದ ಮನೆಯಲ್ಲಿ ಏನು ಮಾತಾಡಬೇಕೆಂದು ತಿಳಿಯದವನು. ಜಯಲತಾ ತಂದಿಟ್ಟ ಚಹಾ ಕುಡಿಯುತ್ತ ಅವನು, "ಆಂಟಿ, ಆ ದಿನ ಸರ್ ಬಚಾವಾಗಿ ಬಂದದ್ದೇ ದೊಡ್ಡದು. ಲೈವ್ ಗನ್ನು ವಾಪಸ್ ಬಂದಿತ್ತು. ಸರ್ ಒಬ್ಬರೇ ಬಿಚ್ಚಿದರು. ನಮಗೆಲ್ಲ ಕೈಕಾಲು ನಡುಕ" ಎಂದುಬಿಟ್ಟ.

ಹರಿಶ್ಚಂದ್ರ ಇದನ್ನು ಹೆಂಡತಿಗೆ ಹೇಳಿರಲಿಲ್ಲ. ಅವಳು ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಮಯೂರನ ಮುಖವನ್ನೇ ನೋಡಿದಳು. "ಯಾವ ಹೊತ್ತಿಗೆ?" ಎಂದು ಕೇಳಿದಳು. ಅವನು ಹೇಳಿದ. ಅವಳು ಏನನ್ನೋ ಮನಸ್ಸಿನಲ್ಲಿ ತಾಳೆಹಾಕಿಕೊಂಡಂತೆ ತಲೆಯಾಡಿಸಿ ಒಳಗೆ ಹೋದಳು. ಅಂದಿನಿಂದ ಅವಳ ಅಳು ತುಸು ಕಡಿಮೆಯಾಯಿತು. ಒಂದು ಸಂಜೆ ಕೂದಲು ಬಾಚಿಕೊಳ್ಳುತ್ತ, "ಇಬ್ಬರೂ ಹೋಗುವುದಿತ್ತು. ಒಬ್ಬರನ್ನಾದರೂ ಉಳಿಸಿಕೊಂಡೆ" ಎಂದು ಗೋಡೆಗೆ ಹೇಳುವಂತೆ ಹೇಳಿದಳು. ಹರಿಶ್ಚಂದ್ರನಿಗೆ ಅದು ಆಗ ಪೂರ್ತಿ ಅರ್ಥವಾಗಲಿಲ್ಲ.

ಅರ್ಥವಾದದ್ದು ಚಂದ್ರಬಾಯಿ ಬಂದ ದಿನ.

ದಿವಾ ನಿಲ್ದಾಣದ ಹೊರಗೆ ಸೊಪ್ಪು ಮಾರುವ ಹೆಂಗಸು ಅವಳು. ರೈಲ್ವೆ ಪೊಲೀಸರಿಂದ ವಿಳಾಸ ಕೇಳಿಕೊಂಡು ಹುಡುಕಿ ಬಂದಿದ್ದಳು. ಸೆರಗಿನ ಗಂಟಿನಿಂದ ಸುಜನನ ಮೊಬೈಲನ್ನು ಬಿಡಿಸಿ ಟೀಪಾಯಿಯ ಮೇಲೆ ಇಟ್ಟಳು. ಬಿದ್ದ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯವರೆಗೆ ಗಾಡಿಯಲ್ಲಿ ಬಂದವಳು ತಾನೇ, ಗಲಾಟೆಯಲ್ಲಿ ಫೋನು ತನ್ನ ಬುಟ್ಟಿಯಲ್ಲಿ ಉಳಿದುಬಿಟ್ಟಿತು, ಕದ್ದಳೆಂದು ತಿಳಿಯಬೇಡಿ ಎಂದಳು. ಹರಿಶ್ಚಂದ್ರ ಕೈಮುಗಿದ. ಅವಳನ್ನು ಅಲ್ಲಿಗೇ ನಿಲ್ಲಿಸಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ಜಯಲತಾ ಅಡುಗೆಮನೆಯಿಂದ ಬಂದು ಅವಳೆದುರು ಕುಳಿತಾಗಿತ್ತು.

ಚಂದ್ರಬಾಯಿ ಅವಳ ಮೊಣಕಾಲು ಹಿಡಿದುಕೊಂಡು ಮರಾಠಿಯಲ್ಲಿ ಹೇಳಿದಳು: "ಪೋರಗಾ ಸಾರ್ಖಾ 'ಮಮ್ಮೀಲಾ ಲಾವಾ, ಮಮ್ಮೀಲಾ ಲಾವಾ' ಮ್ಹಣತ್ ಹೋತಾ. ಮೀ ಲಾವತ್ ಹೋತೆ, ಬಾಯಿ. ತುಮ್ಚಾ ಫೋನ್ ಬಂದ್."

ಡೊಂಬಿವಲಿಯಲ್ಲಿ ಸಂಸಾರ ಮಾಡಿದವಳಿಗೆ ಆ ಮರಾಠಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಡುಗ ಅಮ್ಮನಿಗೆ ಫೋನು ಮಾಡಿ ಎಂದು ಒಂದೇ ಸಮನೆ ಹೇಳುತ್ತಿದ್ದ. ಈಕೆ ಮಾಡುತ್ತಲೇ ಇದ್ದಳು. ಅಮ್ಮನ ಫೋನು ಬಂದ್ ಆಗಿತ್ತು.

ಚಂದ್ರಬಾಯಿ ಹೋದಳು. ಅವಳು ಮೆಟ್ಟಿಲಿಳಿಯುವ ಸದ್ದು ಅಡಗುವವರೆಗೆ ಜಯಲತಾ ಅಲುಗಲಿಲ್ಲ. ಆಮೇಲೆ ಗಂಡನ ಕಡೆಗೆ ತಿರುಗಿ, "ಕೂಡಲೇ ಹೋದ ಅಂತ ಹೇಳಿದಿರಿ" ಎಂದಳು.

"ಕಿಟ್ಟಣ್ಣನೇ..."

"ಇರಲಿ." ಅವಳು ಸೆರಗಿನಿಂದ ಬಾಯೊರೆಸಿಕೊಂಡಳು. ಅವಳ ಧ್ವನಿ ವಿಚಿತ್ರವಾಗಿ ಸಮನಾಗಿತ್ತು. "ಅವನು ಕರೆದ, ನಾನು ಎತ್ತಲಿಲ್ಲ. ನಾನು ಫೋನು ಮಲಗಿಸಿದ್ದು ನಿಮಗಾಗಿ. ಆ ದಿನ ನಿಮ್ಮ ಕೈಯಲ್ಲಿ ಸಿಡಿಯದ ಗನ್ನು ಇತ್ತು. ಅಷ್ಟು ಹೊತ್ತೂ ನಾನು ಇಲ್ಲಿ ಫೋನು ಮುಟ್ಟದೆ ಕೂತಿದ್ದೆ. ಹೌದಾ ಅಲ್ವಾ?"

ಒಳಕೋಣೆಯ ಬಾಗಿಲಲ್ಲಿ ಅಶ್ಮಿತಾ ನಿಂತಿದ್ದಳು. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದು ಅವಳ ಬಾಯಿಂದ ಸಿಡಿದು ಬಂತು: "ಮಮ್ಮಿ, ತೇರೇ ಫೋನ್ ಸೆ ವಹಾಂ ಕುಛ್ ನಹೀಂ ಹೋತಾ! ಕಭೀ ಭೀ ನಹೀಂ ಹೋತಾ ಥಾ! ಪಪ್ಪಾ, ಬೋಲೋ ನಾ ಇಸ್‌ಕೋ!"

ಜಯಲತಾ ಮಗಳತ್ತ ನೋಡಲೇ ಇಲ್ಲ. "ನೀವು ಹೇಳಿ" ಎಂದಳು ಗಂಡನಿಗೆ. "ಸಿಡಿಮದ್ದಿನ ವಿಷಯದಲ್ಲಿ ನೀವು ಸುಳ್ಳು ಹೇಳುವವರಲ್ಲ. ಆ ದಿನ ನಮ್ಮ ಫೋನು ಚಾಲೂ ಇದ್ದಿದ್ದರೆ ಅಲ್ಲಿ ಎಂತ ಆಗ್ತಿತ್ತು?"

ಏನೂ ಆಗುತ್ತಿರಲಿಲ್ಲ. ಸತ್ಯ ಇಷ್ಟೇ ಇತ್ತು, ಎರಡು ಪದ. ಡೊಂಬಿವಲಿಯ ಫೋನಿನ ಅಲೆ ಠಾಣೆಯ ಖಾಡಿಯ ಹಿನ್ನೀರು ದಾಟಿ, ಮುಂಬಯಿ ದಾಟಿ, ಅಷ್ಟು ಕಡಲು ದಾಟಿ ಬೆರಳುದ್ದದ ತಂತಿಯೊಂದನ್ನು ಹುಡುಕಿಕೊಂಡು ಬರುವುದಿಲ್ಲ. ಆ ಎರಡು ಪದಗಳು ಹರಿಶ್ಚಂದ್ರನ ನಾಲಗೆಯ ತುದಿಗೆ ಬಂದವು. ಬಂದಾಗ ಅವನು ಹೆಂಡತಿಯ ಮುಖ ನೋಡಿದ. ಭಾರದ ಗನ್ನು ನೇತಾಡುವ ಒಂಟಿ ತಂತಿಯ ಬಿಗುವನ್ನು ಅವನು ಎಷ್ಟೋ ಸಲ ಅಂಗೈಯಲ್ಲಿ ಅಳೆದು ನೋಡಿದವನು. ಅಂಥ ಬಿಗುವು ಆ ಮುಖದಲ್ಲಿತ್ತು. ಇದನ್ನು ಕಡಿದರೆ ಕೆಳಗೆ ತಳವಿಲ್ಲ ಎಂದು ಅವನಿಗೆ ಗೊತ್ತಾಯಿತು.

"ಆ ದಿನ ಡಿಟೋನೇಟರಿನ ತಂತಿಗೆ ನೀರು ತಾಗಿತ್ತು" ಎಂದು ಅವನು ನಿಧಾನವಾಗಿ ಆರಂಭಿಸಿದ. ಅದು ನಿಜ. "ನಾನು ಅದನ್ನು ಕೈಯಲ್ಲಿ ಹಿಡಿದು ಬಿಚ್ಚುತ್ತಿದ್ದೆ." ಅದೂ ನಿಜ. "ನಿನ್ನ ಫೋನು ಚಾಲೂ ಇದ್ದಿದ್ದರೆ ನಿನಗೆ ಆಗಲೇ ಸುದ್ದಿ ಸಿಗ್ತಿತ್ತು. ನೀನು ಅಳುತ್ತಾ ರಿಗ್ಗಿಗೆ ಮಾಡ್ತಿದ್ದೆ. ರೇಡಿಯೋ ರೂಮಿನವನು ಮನುಷ್ಯನೇ ಅಲ್ವಾ? ಮಗನ ಸುದ್ದಿ ಕೇಳಿ ತಡೆಯದೆ ನನ್ನನ್ನು ಕರೆಯಲಿಕ್ಕೆ ವಾಕಿಟಾಕಿ ಒತ್ತುತ್ತಿದ್ದ. ಒತ್ತಿದ್ದರೆ ನಾನು ಇರ್ತಿರಲಿಲ್ಲ. ನೀನು ಬಂದ್ ಇಟ್ಟದ್ದು ಒಳ್ಳೆಯದಾಯಿತು."

ಅವನ ಇಷ್ಟು ವರ್ಷಗಳ ದುಡಿಮೆಯಲ್ಲಿ ಅವನ ರಿಗ್ಗಿನ ಮೌನವನ್ನು ಯಾರೂ ಮುರಿದಿರಲಿಲ್ಲ. ರೇಡಿಯೋ ರೂಮಿನ ಯಂತ್ರಗಳನ್ನು ತಾನೇ ಹೋಗಿ ನೋಡಿ, ಬಂದ್ ಆಗಿರುವುದನ್ನು ಕೈಯಿಂದ ಮುಟ್ಟಿ, ಆಮೇಲೆ ಗನ್ನಿನ ಹತ್ತಿರ ಹೋಗುವವನು ಅವನು. ಅಂದು ಜಯಲತಾ ಕರೆದಿದ್ದರೂ ಅತ್ತ ಎತ್ತಲು ಯಾವ ಯಂತ್ರಕ್ಕೂ ಜೀವವಿರಲಿಲ್ಲ. ತನ್ನ ಕಟ್ಟುನಿಟ್ಟಿನ ಮೇಲೆ, ಜೊತೆಯವರ ನಿಷ್ಠೆಯ ಮೇಲೆ ಅವನು ತನ್ನ ಬಾಯಿಂದಲೇ ಮಸಿ ಬಳಿದ. ಬಳಿದ ಮೇಲೆ ಹೆಂಡತಿಯ ಭುಜಗಳು ಇಳಿದದ್ದನ್ನು ನೋಡಿದ. ಅವಳು ಟೀಪಾಯಿಯ ಮೇಲಿದ್ದ ಮಗನ ಮೊಬೈಲನ್ನು ಎತ್ತಿಕೊಂಡು, ಮೊದಲ ಬಾರಿಗೆ, ಬಾಯಿಬಿಟ್ಟು ಅತ್ತಳು.

ಅಶ್ಮಿತಾ ಬಾಗಿಲು ತೆರೆದು ಹೊರಗೆ ಹೋದಳು. ಹರಿಶ್ಚಂದ್ರ ಹಿಂದೆಯೇ ಹೋದ. ಅವಳು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದಳು.

"ಮಂತ್ರೀ ಬುಲಾಯೇ ತೋ ಭೀ ನಹೀಂ ಉಠಾತೇ" ಎಂದಳು ಅವನತ್ತ ತಿರುಗದೆ. "ನೀವೇ ಹೇಳಿದ್ದು, ಪಪ್ಪಾ."

"ಹೌದು. ಹೇಳಿದ್ದೆ."

"ತೋ ಫಿರ್?"

"ಅವಳಿಗೆ ಇನ್ನೊಂದು ಸಾವು ತಡೆಯಲಿಕ್ಕೆ ಆಗುವುದಿಲ್ಲ ಮಗಾ" ಎಂದ.

"ಔರ್ ಮೈಂ?" ಎಂದಳು ಮಗಳು, ತನ್ನ ಗತಿಯೇನು ಎಂಬಂತೆ. ಆಗ ತಿರುಗಿದಳು. ಅವಳ ಕಣ್ಣುಗಳಲ್ಲಿ ನೀರಿರಲಿಲ್ಲ. "ಅಬ್ ಮಮ್ಮಿ ಹರ್ ಬಾರ್ ಫೋನ್ ಬಂದ್ ಕರೇಗಿ. ನಾನೂ ಅದೇ ಟ್ರೇನಿನಲ್ಲಿ ಹೋಗುವುದು, ಪಪ್ಪಾ."

ಅಲ್ಲಿಯವರೆಗೆ ಅವನು ಅದನ್ನು ಯೋಚಿಸಿರಲಿಲ್ಲ. ಅವಳು ಅವನನ್ನು ದಾಟಿ ಮೇಲೆ ಹೋದಳು. ಆಮೇಲೆ ಬಹಳ ದಿನ ತಂದೆ ಮಗಳ ನಡುವೆ ಊಟಕ್ಕೆ ಬಾ, ಸೋಪು ಎಲ್ಲಿ ಎಂಬುದಕ್ಕಿಂತ ಹೆಚ್ಚಿನ ಮಾತು ನಡೆಯಲಿಲ್ಲ.

ಆಡಿದ ಸುಳ್ಳು ಮನೆಯಲ್ಲಿ ಮೂಲೆ ಹಿಡಿದು ಕೂರಲಿಲ್ಲ. ಜಯಲತಾ ಅದನ್ನು ರತ್ನಾವತಿಗೆ ಹೇಳಿದಳು, ಊರಿನಿಂದ ಫೋನು ಮಾಡಿದ ನಾದಿನಿಗೆ ಹೇಳಿದಳು, ಅಣ್ಣನಿಗೆ ಹೇಳಿದಳು. ಕಲ್ಯಾಣದ ಹೋಟೆಲಿನ ಗಲ್ಲಾದ ಹಿಂದೆ ಕುಳಿತು ಕಿಟ್ಟಣ್ಣ ಒದ್ದೆಗಣ್ಣಿನಿಂದ, "ಮಗ ತನ್ನ ಆಯುಷ್ಯ ನಿಮಗೆ ಕೊಟ್ಟು ಹೋದ, ಭಾವ" ಎಂದಾಗ ಹರಿಶ್ಚಂದ್ರ ಕಾಫಿಯ ಲೋಟ ಕೆಳಗಿಟ್ಟ. ಅಲ್ಲವೆನ್ನುವಂತಿರಲಿಲ್ಲ. ನೆಂಟರ ಮನೆಗಳಲ್ಲಿ ಎಲ್ಲರೂ ಅವನನ್ನು ಒಂದು ಬಗೆಯ ಭಯಭಕ್ತಿಯಿಂದ ನೋಡತೊಡಗಿದರು. ಮಗನ ಪ್ರಾಣದ ಮೇಲೆ ಬದುಕಿದವನು ಎಂದು ಆ ನೋಟ ಹೇಳುತ್ತಿತ್ತು. ಅದನ್ನು ಅವನು ತಲೆ ತಗ್ಗಿಸಿ ಹೊತ್ತುಕೊಂಡ. ಹೆಂಡತಿ ಮತ್ತೆ ಊಟ ಮಾಡುತ್ತಿದ್ದಳು, ಬಾಗಿಲಿಗೆ ರಂಗೋಲಿ ಇಡುತ್ತಿದ್ದಳು, ಅಷ್ಟು ಸಾಕಿತ್ತು.

ಚಳಿಗಾಲದಲ್ಲಿ ಕಂಪೆನಿ ಅವನನ್ನು ಮತ್ತೆ ಕರೆಯಿತು. ದಡದ ಬೇಸಿನಲ್ಲಿಯೇ ಇರುವ ಕೆಲಸ ಕೊಡಿ ಎಂದು ಅವನು ಕೇಳಿ ನೋಡಿದ. ಆಗಲಿ, ಆದರೆ ಬೇರೆಯವರು ತಯಾರಾಗುವವರೆಗೆ ಇದೊಂದು ಬಾವಿ ಮುಗಿಸಿಕೊಡಿ ಎಂದರು. ಜಯಲತಾ ಅವನ ಚೀಲ ತುಂಬಿದಳು. ಅಂಗಿಗಳನ್ನು ಮಡಚುತ್ತ, "ನೀವು ಎಂತದೂ ಹೆದರಬೇಡಿ. ನಾನಿದ್ದೇನೆ" ಎಂದಳು. ಅಶ್ಮಿತಾ ಆಗ ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ತಲೆಯೆತ್ತಲಿಲ್ಲ.

ರಿಗ್ಗಿಗೆ ಮುಟ್ಟಿದ ಮೇಲೆ ಅವನಿಗೆ ಹೊಸದೊಂದು ಹೆದರಿಕೆ ಅಂಟಿಕೊಂಡಿತು. ಸಿಡಿಮದ್ದಿನದಲ್ಲ, ಅದರ ನಡೆ ಅವನಿಗೆ ಗೊತ್ತು. ನಾಳೆ ಬೆಳಿಗ್ಗೆ ಕಟ್ಟುವುದೆಂದು ಹಿಂದಿನ ದಿನವೇ ಮನೆಗೆ ತಿಳಿಸಿದ್ದ. ಮಗಳು ದಿನವೂ ಹೋಗುವುದು ಅದೇ ಹೊತ್ತಿಗೆ. ಬಾಗಿಲ ಕಂಬಿ, ಕೋಪರ್ ನಿಲ್ದಾಣ ದಾಟಿದ ಮೇಲಿನ ಆ ನೂಕುನುಗ್ಗಲು, ದಿವಾ. ಅಷ್ಟು ಹೊತ್ತೂ ಮನೆಯ ಫೋನಿನ ಮೇಲೆ ಬೈರಾಸು ಇರುತ್ತದೆ. ಹೊದೆಸುವುದು ಹೆಂಡತಿಯ ಕೈಯಾದರೂ, ಈ ಸಲ ಹೊದೆಸೆಂದು ಹೇಳಿದ ಬಾಯಿ ತನ್ನದು.

ಬೆಳಿಗ್ಗೆ ಬಟ್ಟಲು ತುಂಬಿದ ಗನ್ನು ಸಿದ್ಧವಾಗಿತ್ತು. ಹರಿಶ್ಚಂದ್ರ ರೇಡಿಯೋ ರೂಮಿಗೆ ಹೋಗಿ ಮನೆಯ ನಂಬರು ಒತ್ತಿದ. ಹೆಂಡತಿಯ ಧ್ವನಿಗೆ ಕಿವಿಗೊಟ್ಟು ನಿಂತವನಿಗೆ ಕೇಳಿಸಿದ್ದು ಮಗಳ ಧ್ವನಿ.

"ಇವತ್ತು ಕಟ್ಟಲಿಕ್ಕುಂಟಾ, ಪಪ್ಪಾ?"

ಕನ್ನಡದಲ್ಲಿ ಕೇಳಿದ್ದಳು. ತಾಯಿಯ ಮಾತನ್ನು ತಾಯಿಯ ರಾಗದಲ್ಲಿಯೇ ಕೇಳಿದ್ದಳು.

"ಉಂಟು" ಎಂದ. "ನೀನು ಕಾಲೇಜಿಗೆ ಹೋಗಲಿಲ್ವಾ?"

"ಇಲ್ಲ. ರಜೆ ಹಾಕಿದೆ. ಮಮ್ಮಿ ಇಲ್ಲೇ ಇದ್ದಾಳೆ, ದೇವರಿಗೆ ದೀಪ ಹಚ್ಚುತ್ತಿದ್ದಾಳೆ. ನೀವು ಕಟ್ಟುವ ದಿನ ನಾನು ಮನೆಯಲ್ಲೇ ಇರ್ತೇನೆ, ಪಪ್ಪಾ. ಇವತ್ತು ನಮ್ಮವರು ಯಾರೂ ಹೊರಗಿಲ್ಲ."

"ಆಶು" ಎಂದ.

"ಫೋನು ಮಲಗಿಸ್ತೇನೆ. ನೀವು ಜಾಗ್ರತೆ" ಎಂದು ಮಗಳು ಇಟ್ಟಳು.

ರೇಡಿಯೋ ರೂಮಿನವನು ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು ಅವನನ್ನೇ ನೋಡುತ್ತಿದ್ದ. "ಬಂದ್ ಕರೂಂ, ಹರಿ ಭಾಯ್?" ಎಂದು ಕೇಳಿದ. ಹರಿಶ್ಚಂದ್ರ ತಲೆಯಾಡಿಸಿದ. ದೀಪಗಳು ಒಂದೊಂದಾಗಿ ಆರಿದ ಮೇಲೆ ಯಂತ್ರದ ಬೆನ್ನನ್ನು ಎಂದಿನಂತೆ ಕೈಯಿಂದ ಮುಟ್ಟಿ ನೋಡಿ, ಜೇಬಿನಲ್ಲಿ ಕೀಲಿ ಇದೆಯೆಂದು ಇನ್ನೊಮ್ಮೆ ತಡವಿಕೊಂಡು, ಮುಖ ಒರೆಸಿಕೊಂಡು ಅವನು ಗನ್ನಿನ ಕಡೆಗೆ ನಡೆದ.